ವ್ಯಕ್ತಿಕೇಂದ್ರಿತ ಮನಶ್ಶಾಸ್ತ್ರದ ಮೂಲಭಾವನೆಗಳೂ ಸಂಕಮ್ಮನ ಸಾಲೂ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಮಲೆಯ ಮಾದಪ್ಪನ ಒಕ್ಕಲಿಲ್ಲದ ಊರು ವಿರಳ. ಕೈಯಲ್ಲಿ ಕಂಚಿನ ಕಂಸಾಳೆ, ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಜೋಳಿಗೆ ಧರಿಸಿದ ದೇವರಗುಡ್ಡರು ಆ ದೇವರ ಕಥೆಯನ್ನು ಇರುಳೆಲ್ಲ ಹಾಡಬಲ್ಲರು. ಆ ಕಥೆಯು ಹಲವು ಸಾಲುಗಳಾಗಿ ವಿಭಾಗಗೊಂಡಿರುವುದು. ಅವುಗಳಲ್ಲಿ ಕೇಳುವವರ ಮನಸ್ಸನ್ನು ಬಹುವಾಗಿ ಕಲಕುವುದು ಸಂಕಮ್ಮನ ಸಾಲು. ೧೯೭೩ರಲ್ಲಿ ಪಿ. ಕೆ. ರಾಜಶೇಖರರು ಈ ಮಹಾಕಾವ್ಯವನ್ನು ಸಂಪಾದಿಸಿ ಅಚ್ಚಿಗೆ ತಂದ ಬಳಿಕ, ಹಾಗೂ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕೆ. ಕೇಶವನ್ ಪ್ರಸಾದರ ಸಂಪಾದನೆಯು ಹೊರಬಂದ ಬಳಿಕ, ಅದು ಕಾಲೇಜಿನ ಪಾಠದ ಕೋಣೆಯನ್ನೂ ಹೊಕ್ಕಿದೆ. ಹೊಕ್ಕೊಡನೆ ಒಂದು ತೊಡಕೂ ಹುಟ್ಟಿದೆ. ಗಂಡನು ಕೇಳಿದ ಭಾಷೆಯನ್ನು ಸಂಕಮ್ಮನು ಏಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ಎರಡು ಉತ್ತರಗಳು ರೂಢಿಯಲ್ಲಿವೆ. ಪತಿವ್ರತೆಯಾದವಳಿಗೆ ಭಾಷೆಯೇ ಅವಮಾನವೆಂಬುದು ಒಂದು. ಅವಳು ಪುರುಷಾಧಿಕಾರವನ್ನು ಧಿಕ್ಕರಿಸಿದ ಬಂಡಾಯಗಾರ್ತಿಯೆಂಬುದು ಇನ್ನೊಂದು. ಮೊದಲನೆಯದು ಅವಳನ್ನು ಒಂದು ಆದರ್ಶಕ್ಕೆ ಉದಾಹರಣೆಯನ್ನಾಗಿಯೂ, ಎರಡನೆಯದು ಒಂದು ವಾದಕ್ಕೆ ಉದಾಹರಣೆಯನ್ನಾಗಿಯೂ ಮಾಡುವುವು. ಎರಡರಲ್ಲಿಯೂ ಸಂಕಮ್ಮನೆಂಬ ವ್ಯಕ್ತಿಯು ಕಾಣೆಯಾಗುವಳು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕಾರ್ಲ್ ರೋಜರ್ಸರು ನಿರೂಪಿಸಿದ ವ್ಯಕ್ತಿಕೇಂದ್ರಿತ ಸಿದ್ಧಾಂತದ ಮುಖ್ಯ ಭಾವನೆಗಳನ್ನು ಈ ಕಥೆಯ ಬದಿಯಲ್ಲಿಟ್ಟು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಕಥೆಗೆ ಶಾಸ್ತ್ರವನ್ನು ಹೊದಿಸಬೇಕೆಂಬ ಹಟ ನಮಗಿಲ್ಲ. ಶಾಸ್ತ್ರದ ಮಾತು ಎಲ್ಲಿಯವರೆಗೆ ನಡೆಯುವುದು, ಎಲ್ಲಿ ನಿಲ್ಲುವುದು ಎಂಬುದನ್ನು ಕಥೆಯಿಂದಲೇ ಒರೆಹಚ್ಚಿ ನೋಡಬೇಕಾಗಿದೆ.

ಕಥೆಯ ಸಾರವನ್ನು ಮೊದಲು ಹೇಳುವುದು ಯುಕ್ತ. ಗಾಯಕರಿಂದ ಗಾಯಕರಿಗೆ ವಿವರಗಳು ಬೇರೆಯಾಗುವುವಾದರೂ ಹಂದರವು ಒಂದೇ. ಸೋಲಿಗರ ನೀಲೇಗೌಡನು ಜೇನಿಗಾಗಿ ದೂರದ ಮಲೆಗೆ ಹೊರಡುವನು. ಒಂಟಿಯಾಗಿ ಉಳಿಯುವ ಚೆಲುವೆ ಹೆಂಡತಿಯ ವಿಷಯದಲ್ಲಿ ಅವನಿಗೆ ಸಂದೇಹ. ತಾನು ಬರುವವರೆಗೆ ಶೀಲದಿಂದಿರುವೆನೆಂದು ಭಾಷೆ ಕೊಡುವಂತೆ ಪೀಡಿಸುವನು. ಸಂಕಮ್ಮನು ಒಪ್ಪಳು. ಅವನು ಹೆದರಿಸಿ, ಹೊಡೆದು, ಅಂಗಾಂಗಗಳಿಗೆ ಹಿಂಸೆಮಾಡಿ, ಕೊನೆಗೆ ಅವಳನ್ನು ಕಾಡಿನ ಗುಡಿಸಲಿನಲ್ಲಿ ಬಂಧಿಸಿ, ಮಾಟಮಂತ್ರಗಳ ಕಟ್ಟು ಹಾಕಿ ಹೊರಟುಹೋಗುವನು. ಅವಳ ಗೋಳು ಮಾದೇಶ್ವರನನ್ನು ಮುಟ್ಟುವುದು. ಅವನು ಬಂದು ಕಟ್ಟುಗಳನ್ನು ಬಿಡಿಸಿ ಸಂತಾನಭಾಗ್ಯವನ್ನು ಕೊಡುವನು. ಹಿಂದಿರುಗಿದ ಗಂಡನಿಗೆ ಸಂದೇಹವು ನಿಶ್ಚಯವಾಗಿಬಿಡುವುದು. ಆಗ ಸಂಕಮ್ಮನು ಕುಲದವರ ಮುಂದೆ ಕಠಿನವಾದ ದಿವ್ಯಗಳಿಗೆ ಒಳಗಾಗಿ ಗೆದ್ದುಬರುವಳು. ಅವಳ ಮಕ್ಕಳಾದ ಕಾರಯ್ಯ ಬಿಲ್ಲಯ್ಯರು ಮಾದಪ್ಪನ ಸೇವೆಗೆ ಸಲ್ಲುವರು.

ಇನ್ನು ಶಾಸ್ತ್ರಕಾರರ ವಿಚಾರ. ರೋಜರ್ಸರು ೧೯೦೨ರಲ್ಲಿ ಚಿಕಾಗೋ ನಗರದ ಸಮೀಪದ ಓಕ್ ಪಾರ್ಕಿನಲ್ಲಿ, ಕಟ್ಟುನಿಟ್ಟಾದ ಕ್ರೈಸ್ತಾಚಾರದ ಮನೆಯಲ್ಲಿ ಹುಟ್ಟಿದರು. ಹನ್ನೆರಡನೆಯ ವಯಸ್ಸಿನಿಂದ ಅವರ ಮನೆಯವರು ಹೊಲಮನೆಯಲ್ಲಿ ನೆಲಸಿದರು. ಮೊದಲು ಬೇಸಾಯಶಾಸ್ತ್ರ, ಅನಂತರ ಚರಿತ್ರೆ, ಅನಂತರ ಪಾದ್ರಿಯಾಗುವ ಶಿಕ್ಷಣ, ಇವೆಲ್ಲವನ್ನೂ ಹಾಯ್ದು ಅವರು ಮನಶ್ಶಾಸ್ತ್ರಕ್ಕೆ ಬಂದರು. ೧೯೨೮ರಿಂದ ಹನ್ನೆರಡು ವರ್ಷಕಾಲ ರಾಚೆಸ್ಟರ್ ನಗರದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ಕೆಲಸಮಾಡಿದರು. ಆ ಕಾಲದ ಒಂದು ಪ್ರಸಂಗವನ್ನು ಅವರೇ ಹೇಳಿಕೊಂಡಿರುವರು. ಪುಂಡನಾದ ಒಬ್ಬ ಹುಡುಗನ ತಾಯಿಗೆ, ದೋಷವು ಅವಳು ಮಗನನ್ನು ತಿರಸ್ಕರಿಸಿದುದರಲ್ಲಿದೆ ಎಂಬುದನ್ನು ಮನಗಾಣಿಸಲು ಅವರು ಬಹು ಪ್ರಯತ್ನಪಟ್ಟರು, ಫಲವಾಗಲಿಲ್ಲ. ಸೋತೆವೆಂದು ಇಬ್ಬರೂ ಒಪ್ಪಿ ಎದ್ದರು. ಬಾಗಿಲವರೆಗೆ ಹೋದ ಆಕೆ ಹಿಂದಿರುಗಿ, ದೊಡ್ಡವರಿಗೂ ಇಲ್ಲಿ ಸಲಹೆ ಕೊಡುವುದುಂಟೇ ಎಂದು ಕೇಳಿ, ಕುಳಿತು, ತನ್ನ ದಾಂಪತ್ಯದ ಸಂಕಟವನ್ನು ತೋಡಿಕೊಂಡಳು. ಆವರೆಗೆ ಆಕೆ ಒಪ್ಪಿಸಿದ್ದ ಒಣ ವರದಿಗೂ ಈ ಮಾತಿಗೂ ಅಜಗಜಾಂತರ. ನೋವು ಎಲ್ಲಿದೆ, ಯಾವ ದಾರಿಯಲ್ಲಿ ಹೋಗಬೇಕು ಎಂಬುದು ನೊಂದವರಿಗೇ ಗೊತ್ತು. ವೈದ್ಯನು ತನ್ನ ಜಾಣ್ಮೆಯನ್ನು ಮೆರೆಸಬೇಕೆಂದಿದ್ದರೆ ಮಾತ್ರ ಅವರ ಮುಂದೆ ನಡೆಯಬೇಕು ಎಂಬ ಅರಿವು ತಮಗೆ ಅಂದು ಮೂಡಿತೆಂದು ಅವರು ಬರೆದಿರುವರು. ಮುಂದಿನ ಸಿದ್ಧಾಂತವೆಲ್ಲವೂ ಈ ಬೀಜದಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು.

೧೯೪೨ರಲ್ಲಿ ಪ್ರಕಟವಾದ ಅವರ ಸಲಹಾಚಿಕಿತ್ಸೆಯ ಗ್ರಂಥದಲ್ಲಿ, ಯಂತ್ರದಲ್ಲಿ ಧ್ವನಿಮುದ್ರಿಸಿಕೊಂಡ ಒಂದು ಚಿಕಿತ್ಸೆಯ ಆದ್ಯಂತ ಸಂಭಾಷಣೆಯು ಮಾತು ಬಿಡದೆ ಅಚ್ಚಾಯಿತು. ಅದುವರೆಗೆ ಬಾಗಿಲು ಮುಚ್ಚಿ ನಡೆಯುತ್ತಿದ್ದ ವ್ಯವಹಾರವು ಪರೀಕ್ಷೆಗೆ ತೆರೆದಂತಾಯಿತು. ಹಾಡುಗಾರನ ಬಾಯಿಂದ ಬಂದುದನ್ನು ತಿದ್ದದೆ ಬರೆದುಕೊಳ್ಳಬೇಕೆಂಬ ನಿಯಮವನ್ನು ನಮ್ಮ ಜಾನಪದ ವಿದ್ವಾಂಸರೂ ಕಷ್ಟಪಟ್ಟು ಕಲಿತರೆಂಬುದನ್ನು ಇಲ್ಲಿ ನೆನೆಯಬಹುದು. ಮೊದಲು ‘ನಿರ್ದೇಶನವಿಲ್ಲದ’ ಚಿಕಿತ್ಸೆಯೆಂದು ಕರೆದದ್ದನ್ನು ೧೯೫೧ರ ಗ್ರಂಥದಲ್ಲಿ ‘ಕಕ್ಷಿದಾರಕೇಂದ್ರಿತ’ವೆಂದೂ, ಅನಂತರದ ವರ್ಷಗಳಲ್ಲಿ ‘ವ್ಯಕ್ತಿಕೇಂದ್ರಿತ’ವೆಂದೂ ಹೆಸರಿಸಿದರು. ರೋಗಿ ಎಂಬ ಪದವನ್ನು ಅವರು ಬೇಕೆಂದೇ ಬಿಟ್ಟರು. ಸಿದ್ಧಾಂತದ ಅತ್ಯಂತ ಕ್ರಮಬದ್ಧವಾದ ನಿರೂಪಣೆಯು ೧೯೫೯ರದು. ಸಾಮಾನ್ಯ ವಾಚಕರಿಗೆ ಒಗ್ಗುವುದು ೧೯೬೧ರಲ್ಲಿ ಬಂದ, ವ್ಯಕ್ತಿಯಾಗುವುದನ್ನು ಕುರಿತ ಪ್ರಬಂಧಸಂಗ್ರಹ. ೧೯೮೭ರಲ್ಲಿ ರೋಜರ್ಸರು ತೀರಿಕೊಂಡರು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ೧೯೨೪ರಷ್ಟು ಹಿಂದೆಯೇ ಎಂ. ವಿ. ಗೋಪಾಲಸ್ವಾಮಿಯವರಿಂದ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ‘ರಾಶಿ’ಯವರೆಂದು ಪ್ರಸಿದ್ಧರಾದ ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವು ಬಂದಿತು. ಕನ್ನಡಕ್ಕೆ ಮನಶ್ಶಾಸ್ತ್ರವು ಹೊಸತಲ್ಲ. ಆದರೂ ಸಾಹಿತ್ಯ ವಿಮರ್ಶೆಯಲ್ಲಿ ನಾವು ಫ್ರಾಯ್ಡರನ್ನು ಕರೆದಷ್ಟು ಸಲಿಗೆಯಿಂದ ಮತ್ತಾರನ್ನೂ ಕರೆದಿಲ್ಲ. ಅದಕ್ಕೆ ಕಾರಣವಿಲ್ಲದಿಲ್ಲ: ಗುಟ್ಟನ್ನು ಹೊರಗೆಡಹುವ ಶಾಸ್ತ್ರವು ವಿಮರ್ಶಕನಿಗೆ ಹೆಚ್ಚಿನ ಅಧಿಕಾರವನ್ನು ಕೊಡುವುದು. ಕಿವಿಗೊಡುವ ಶಾಸ್ತ್ರವು ಆ ಅಧಿಕಾರವನ್ನು ಕಿತ್ತುಕೊಳ್ಳುವುದು.

ಸಿದ್ಧಾಂತದ ಬುಡದಲ್ಲಿರುವ ಭಾವನೆಯನ್ನು ವಿಕಾಸಪ್ರವೃತ್ತಿ ಎನ್ನೋಣ. ಪ್ರತಿಯೊಂದು ಜೀವವೂ ತನ್ನನ್ನು ಉಳಿಸಿಕೊಂಡು, ಬೆಳೆಸಿಕೊಂಡು, ತನ್ನಲ್ಲಿರುವುದನ್ನು ಹೊರತರಲು ಎಳಸುವುದೆಂದೂ, ಮಿಕ್ಕ ಪ್ರೇರಣೆಗಳೆಲ್ಲ ಇದರ ಕವಲುಗಳೆಂದೂ ರೋಜರ್ಸರ ಮತ. ಕುರ್ಟ್ ಗೋಲ್ಡ್‌ಸ್ಟೈನರು ಮಿದುಳಿಗೆ ಪೆಟ್ಟಾದ ಸೈನಿಕರಲ್ಲಿ ಇಂತಹದೇ ಎಳಸಿಕೆಯನ್ನು ಕಂಡಿದ್ದರು. ಏಬ್ರಹಾಂ ಮ್ಯಾಸ್ಲೋ ಅವರು ೧೯೪೩ರ ಲೇಖನದಲ್ಲಿ ಅದನ್ನು ಅಗತ್ಯಗಳ ಸೋಪಾನದ ಮೇಲ್ಮೆಟ್ಟಿಲಿನಲ್ಲಿಟ್ಟರು. ರೋಜರ್ಸರು ಅದನ್ನು ಮೆಟ್ಟಿಲ ತುದಿಯಿಂದ ಬುಡಕ್ಕೆ ಇಳಿಸಿದರೆಂದು ಸ್ಥೂಲವಾಗಿ ಹೇಳಬಹುದು. ಬಾಲ್ಯದಲ್ಲಿ ನೆಲಮಾಳಿಗೆಯಲ್ಲಿ ಚಳಿಗಾಲಕ್ಕೆಂದು ಕೂಡಿಟ್ಟ ಆಲೂಗೆಡ್ಡೆಗಳು ಮೇಲಿನ ಸಣ್ಣ ಕಿಟಕಿಯ ಬೆಳಕಿನತ್ತ ಬಿಳಿಚಿದ ಮೊಳಕೆಗಳನ್ನು ಚಾಚಿದ್ದುದನ್ನು ಅವರು ಮರೆಯಲಿಲ್ಲ. ಗುಂಡ್ಲುಪೇಟೆಯ ಕಡೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತನೆಗೆಂದು ನೆರಳಿನಲ್ಲಿಟ್ಟ ಅರಿಶಿನದ ಗೆಡ್ಡೆಗಳು ಮಣ್ಣಿನ ಸೋಂಕಿಲ್ಲದೆಯೇ ಕಣ್ಣು ಬಿಡುವುದನ್ನು ಅವನು ವರ್ಷವೂ ಕಾಣುತ್ತಿರುವನು. ಆದರೆ ಉಪಮೆಯ ಒಂದು ಭಾಗವನ್ನು ಮರೆಯಬಾರದು. ನೆಲಮಾಳಿಗೆಯ ಮೊಳಕೆಯು ಗಿಡವಾಗುವುದಿಲ್ಲ. ಅದು ವಕ್ರವಾಗಿ, ನಿಸ್ಸಾರವಾಗಿ ಬೆಳೆಯುವುದು. ವಕ್ರವಾದ ಬಾಳನ್ನು ಕಂಡು ರೋಗವೆಂದು ತೀರ್ಮಾನಿಸುವ ಮೊದಲು, ಈ ಸ್ಥಿತಿಯಲ್ಲಿ ಆ ಜೀವಕ್ಕೆ ದೊರೆತ ದಾರಿ ಇದೊಂದೇ ಆಗಿದ್ದಿರಬಹುದೇ ಎಂದು ಕೇಳಬೇಕೆಂಬುದು ಅದರ ತಾತ್ಪರ್ಯ.

ಎರಡನೆಯ ಭಾವನೆಯು ಅನುಭವಕ್ಷೇತ್ರ. ಮನುಷ್ಯನು ವರ್ತಿಸುವುದು ಹೊರಗಿರುವ ಲೋಕಕ್ಕಲ್ಲ, ತನಗೆ ತೋರಿದ ಲೋಕಕ್ಕೆ. ಆದುದರಿಂದ ಒಬ್ಬನ ನಡತೆಯನ್ನು ತಿಳಿಯಬೇಕಾದರೆ ಅವನ ಕಣ್ಣಿನ ಹಿಂದೆ ನಿಂತು ನೋಡಬೇಕು. ಈ ಕ್ಷೇತ್ರದಲ್ಲಿ ‘ನಾನು’, ‘ನನ್ನದು’ ಎಂದು ಬೇರ್ಪಡುವ ಭಾಗವು ಆತ್ಮಕಲ್ಪನೆ. ನಮ್ಮ ದರ್ಶನಗಳ ಆತ್ಮಕ್ಕೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನು ಅಧ್ಯಾಪಕರು ಮೊದಲೇ ಹೇಳಿಬಿಡುವುದು ಲೇಸು. ಇಲ್ಲವಾದರೆ ತರಗತಿಯು ವೇದಾಂತಕ್ಕೆ ತಿರುಗಿ, ಮನಶ್ಶಾಸ್ತ್ರವು ಅಲ್ಲಿಯೇ ನಿಲ್ಲುವುದು. ಇದು ಬರಿಯ ಚಿತ್ರ: ನಾನು ಇಂತಹವನು, ನನ್ನಿಂದ ಇಷ್ಟಾಗುವುದು, ನನ್ನನ್ನು ಜನ ಹೀಗೆ ಕಾಣುವರು ಎಂಬ ಚಿತ್ರ. ಇದರ ಜೊತೆಗೆ, ನಾನು ಹೀಗಿರಬೇಕಾಗಿತ್ತು ಎಂಬ ಇನ್ನೊಂದು ಚಿತ್ರವೂ ಇರುವುದು. ಎರಡಕ್ಕೂ ಇರುವ ಅಂತರವನ್ನು ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಅಳೆದು ನೋಡಿದರು. ತನ್ನನ್ನು ಕುರಿತ ನೂರು ಹೇಳಿಕೆಗಳ ಚೀಟಿಗಳನ್ನು ವ್ಯಕ್ತಿಯ ಕೈಗೆ ಕೊಟ್ಟು, ತನಗೆ ಅತ್ಯಂತ ಒಪ್ಪುವುದರಿಂದ ಸ್ವಲ್ಪವೂ ಒಪ್ಪದಿರುವುದರವರೆಗೆ ಒಂಬತ್ತು ಗುಂಪು ಮಾಡಿಸುವುದು; ಅನಂತರ ಅದೇ ಚೀಟಿಗಳನ್ನು, ತಾನು ಹೇಗಿರಬಯಸುವನೋ ಅದಕ್ಕೆ ತಕ್ಕಂತೆ ಮತ್ತೆ ಗುಂಪು ಮಾಡಿಸುವುದು. ೧೯೫೪ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಚಿಕಿತ್ಸೆಗೆ ಮೊದಲು ಈ ಎರಡು ಜೋಡಣೆಗಳ ಸರಾಸರಿ ಸಹಸಂಬಂಧವು ಸೊನ್ನೆಗೆ ಸಮೀಪವಾಗಿದ್ದುದು ಚಿಕಿತ್ಸೆಯ ಬಳಿಕ ೦.೩೪ಕ್ಕೆ ಏರಿತ್ತು. ಹೃದಯದ ಮಾತಾಡುವವರು ಲೆಕ್ಕಕ್ಕೆ ಅಂಜುವರೆಂಬ ಅಪವಾದವು ರೋಜರ್ಸರಿಗೆ ತಗಲದು.

ಮೂರನೆಯ ಭಾವನೆಯಲ್ಲಿ ನಮ್ಮ ಪ್ರಶ್ನೆಗೆ ಕೀಲಿಕೈ ಇದೆ. ಮಗುವಿಗೆ ಅನ್ನದಷ್ಟೇ ಆದರವೂ ಬೇಕು. ಆದರೆ ಹಿರಿಯರ ಆದರವು ಬಹುಮಟ್ಟಿಗೆ ಕರಾರಿನ ಮೇಲೆ ಬರುವುದು: ಅಳದಿದ್ದರೆ ಒಳ್ಳೆಯವನು, ಎದುರಾಡದಿದ್ದರೆ ಜಾಣೆ. ಕ್ರಮೇಣ ಮಗುವು ಈ ಕರಾರುಗಳನ್ನು ಒಳಕ್ಕೆ ತೆಗೆದುಕೊಂಡು, ತನ್ನನ್ನು ತಾನು ಅವುಗಳಿಂದಲೇ ತೂಗಿಕೊಳ್ಳಲು ಕಲಿಯುವುದು. ಇವನ್ನು ಮನ್ನಣೆಯ ಕರಾರುಗಳೆಂದು ಕರೆಯಬಹುದು. ಹುಟ್ಟಿನಿಂದ ಬಂದ ಒಳತೂಕವು, ಅಂದರೆ ಹಿತವಾದುದನ್ನೂ ಅಹಿತವಾದುದನ್ನೂ ಜೀವವೇ ಗುರುತಿಸುವ ಶಕ್ತಿಯು, ಹಿಂದೆ ಸರಿದು, ಪರರ ತಕ್ಕಡಿಯು ಒಳಗೆ ಬಂದು ಕೂರುವುದು.

ಒಂದು ಕಲ್ಪಿತ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿಯು ಮನೆಯಲ್ಲಿ ‘ಬುಟ್ಟು’ ಎನ್ನುವಳು, ‘ಆಲು’ ಎನ್ನುವಳು. ಶಾಲೆಯಲ್ಲಿ ಅದಕ್ಕೆ ನಗುವರು. ‘ಬಿಟ್ಟು’, ‘ಹಾಲು’ ಎಂದು ಕಲಿತರೆ ಶಹಭಾಸ್ ದೊರೆಯುವುದು. ಶಿಷ್ಟರೂಪವನ್ನು ಕಲಿಸುವುದು ತಪ್ಪಲ್ಲ. ಅದು ಅಧ್ಯಾಪಕನ ಕರ್ತವ್ಯವೇ. ಆದರೆ ಕಲಿಕೆಯ ಜೊತೆಗೆ ಅವಳು ಇನ್ನೊಂದನ್ನೂ ಕಲಿತಿರುವಳು: ಅವ್ವನ ಮಾತು ಮರ್ಯಾದೆಯ ಮಾತಲ್ಲ, ಆ ಮಾತನ್ನಾಡುವ ನಾನು ಮರ್ಯಾದೆಗೆ ತಕ್ಕವಳಲ್ಲ. ಮುಂದೆ ಕಾಲೇಜಿನಲ್ಲಿ ಸಂಕಮ್ಮನ ಸಾಲು ಪಠ್ಯವಾಗಿ ಬಂದಾಗ, ಅಜ್ಜಿಯ ಬಾಯಲ್ಲಿ ಅದನ್ನು ನೂರು ಸಲ ಕೇಳಿದ್ದ ಅವಳೇ, ತನಗೇನೂ ತಿಳಿಯದೆಂದು ಟಿಪ್ಪಣಿಯನ್ನು ಬಾಯಿಪಾಠ ಮಾಡುವಳು. ನಂಜನಗೂಡು, ಚಾಮರಾಜನಗರಗಳ ಕಡೆಯ ಆಡುನುಡಿಯಲ್ಲಿ ಬರೆದ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ೧೯೯೦ರಲ್ಲಿ ಅಕಾಡೆಮಿಯ ಬಹುಮಾನ ಬಂದಾಗ ಆ ಸೀಮೆಯ ಓದುಗರಲ್ಲಿ ಹಲವರಿಗೆ ಆದ ಹಿಗ್ಗನ್ನು ಬರಿಯ ಪ್ರಾಂತಾಭಿಮಾನವೆಂದು ತಳ್ಳಿಬಿಡಲಾಗದು. ಒಳಗೆ ಕುಳಿತಿದ್ದ ತಕ್ಕಡಿಯೊಂದು ಅಲುಗಾಡಿದ ಸಂತೋಷ ಅದು. ಕನ್ನಡದಲ್ಲಿ ಭಾಷೆಯೆಂದರೆ ನುಡಿಯೂ ಹೌದು, ಆಣೆಯೂ ಹೌದು ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು.

ಈಗ ನೀಲೇಗೌಡನು ಕೇಳಿದ ಭಾಷೆಯನ್ನು ನೋಡೋಣ. ಅದು ಮನ್ನಣೆಯ ಕರಾರು ತನ್ನ ನಗ್ನರೂಪದಲ್ಲಿ ಬಂದದ್ದು: ಆಣೆಯಿಟ್ಟರೆ ನೀನು ನನ್ನ ಹೆಂಡತಿ, ಇಡದಿದ್ದರೆ ಅಲ್ಲ. ಸಂಕಮ್ಮನಿಗೆ ತನ್ನ ನಡತೆಯಲ್ಲಿ ಸಂದೇಹವಿಲ್ಲ. ಸಂದೇಹವಿರುವುದು ಅವನಲ್ಲಿ. ಭಾಷೆ ಕೊಟ್ಟೊಡನೆ ಅವನ ಸಂದೇಹವು ಅವಳೊಳಗೆ ಬಂದು ನೆಲಸುವುದು. ಅಲ್ಲಿಂದ ಮುಂದೆ ಅವಳ ಶೀಲವು ಅವಳದಾಗಿರದೆ, ಆಣೆಗೆ ಅಂಜಿ ಕಾಯ್ದುಕೊಂಡ ಶೀಲವಾಗುವುದು. ಬಂಡಾಯವೂ ಅಲ್ಲದ, ಪತಿವ್ರತಾಧರ್ಮದ ಪ್ರದರ್ಶನವೂ ಅಲ್ಲದ ಮೂರನೆಯ ಉತ್ತರವೊಂದು ಹೀಗೆ ದೊರೆಯುವುದು: ತನ್ನ ಅನುಭವವು ಹೇಳುವುದಕ್ಕೂ ತನ್ನ ಬಾಯಿ ಹೇಳುವುದಕ್ಕೂ ನಡುವೆ ಬಿರುಕು ಬೀಳಲು ಅವಳು ಎಡೆಗೊಡಲಿಲ್ಲ. ಈ ಬಿರುಕಿಲ್ಲದ ಸ್ಥಿತಿಯನ್ನು ರೋಜರ್ಸರು ಒಳಹೊರಗಿನ ಹೊಂದಿಕೆಯೆಂಬರ್ಥದ ಪದದಿಂದ ಸೂಚಿಸುವರು. ತೂಗುವ ತಕ್ಕಡಿಯು ಅವಳೊಳಗಿತ್ತು, ಅವನ ಕೈಯಲ್ಲಿರಲಿಲ್ಲ.

ಆದರೆ ನಮ್ಮ ಅಭಿಪ್ರಾಯದಲ್ಲಿ, ಈ ಶಾಸ್ತ್ರಕ್ಕೆ ಹೆಚ್ಚು ಕೆಲಸವಿರುವುದು ಸಂಕಮ್ಮನಲ್ಲಲ್ಲ, ನೀಲೇಗೌಡನಲ್ಲಿ. ವಿಮರ್ಶಕರು ಅವನನ್ನು ಕ್ರೂರಿಯೆಂದು ಕರೆದು ಮುಂದೆ ಹೋಗುವರು. ಕ್ರೂರಿಯೆಂಬುದರಲ್ಲಿ ಸಂಶಯವಿಲ್ಲ; ಅವನ ಕೃತ್ಯಕ್ಕೆ ಯಾವ ಶಾಸ್ತ್ರದಿಂದಲೂ ಕ್ಷಮೆ ಹುಡುಕಬೇಕಾಗಿಲ್ಲ. ಆದರೆ ಹೆಂಡತಿಯ ಮೇಲೆ ಯಾವ ಆಪಾದನೆಯೂ ಇಲ್ಲದಿರುವಾಗ ಸಂದೇಹವು ಎಲ್ಲಿಂದ ಬಂದಿತು? ಆತ್ಮಕಲ್ಪನೆಗೆ ಒಗ್ಗದ ಅನುಭವವು ಎದುರಾದಾಗ ಮನಸ್ಸು ಎರಡು ಉಪಾಯಗಳನ್ನು ಹಿಡಿಯುವುದೆಂದು ರೋಜರ್ಸರು ಹೇಳುವರು. ಒಂದು, ಆ ಅನುಭವವನ್ನು ಅರಿವಿನ ಹೊಸ್ತಿಲೊಳಗೆ ಬಿಡದಿರುವುದು. ಇನ್ನೊಂದು, ಬಿಟ್ಟರೂ ರೂಪುಗೆಡಿಸಿ ಬಿಡುವುದು. ಮಲೆಯ ಹುಲಿ ಆನೆಗಳಿಗೆ ಅಂಜದವನೆಂಬುದು ನೀಲೇಗೌಡನ ಆತ್ಮಕಲ್ಪನೆಯಾಗಿದ್ದಲ್ಲಿ, ಹೆಂಡತಿಯನ್ನು ಕಳೆದುಕೊಂಡೇನೆಂಬ ಅಂಜಿಕೆಗೆ ಅಲ್ಲಿ ಎಡೆಯಿಲ್ಲ. ‘ನಾನು ಅಂಜಿದ್ದೇನೆ’ ಎಂಬುದು ‘ಅವಳು ನಂಬಿಕೆಗೆ ಅರ್ಹಳಲ್ಲ’ ಎಂದು ವೇಷ ಬದಲಿಸುವುದು. ಹಾಗಾಗಿ ಅವಳು ಭಾಷೆ ಕೊಟ್ಟಿದ್ದರೂ ಅವನಿಗೆ ನೆಮ್ಮದಿಯಿರುತ್ತಿರಲಿಲ್ಲ. ಅಂಜಿಕೆಯು ಇರುವಲ್ಲಿಗೆ ಭಾಷೆಯು ತಲಪಲಾರದು. ಅವನು ಹಾಕಿದ ಕಟ್ಟುಗಳ ಮೇಲೆ ಕಟ್ಟುಗಳನ್ನು ಗಾಯಕರು ಎಣಿಸುತ್ತ ಹೋಗುವಾಗ, ಅದನ್ನು ಕೇವಲ ಅತಿಶಯದ ಅಲಂಕಾರವೆಂದು ಎಣಿಸಬೇಡಿರೆಂದು ಅಧ್ಯಾಪಕರನ್ನು ಕೇಳಿಕೊಳ್ಳುವೆವು. ಯಾವ ಕಟ್ಟೂ ಸಾಲದೆಂಬುದೇ ಅವನ ಸ್ಥಿತಿ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ತರಬಹುದು. ನೀಲೇಗೌಡನು ಬದುಕಿದ್ದವನಲ್ಲ, ಕಥೆಯವನು. ಅವನಿಗೆ ಒಳಗು ಎಂಬುದುಂಟೇ? ಪ್ರಶ್ನೆಯು ನ್ಯಾಯವಾದುದು. ಗಾಯಕನು ಕೊಡುವ ಸುಳುಹುಗಳ ಆಚೆಗೆ ನಾವು ಹೋಗಲಾಗದು. ಮೇಲೆ ‘ಆಗಿದ್ದಲ್ಲಿ’ ಎಂದದ್ದು ಆ ಎಚ್ಚರದಿಂದಲೇ. ಜನಪದ ಪಾತ್ರದ ಒಳಗು ಇರುವುದು ಹಾಡಿನಲ್ಲಿ ಅರ್ಧ, ಕೇಳುವವನಲ್ಲಿ ಅರ್ಧ.

ಆ ಕೇಳುವಿಕೆಯ ವಿಚಾರಕ್ಕೆ ಬರೋಣ. ೧೯೫೭ರ ಲೇಖನವೊಂದರಲ್ಲಿ ರೋಜರ್ಸರು, ವ್ಯಕ್ತಿತ್ವದಲ್ಲಿ ಹಿತವಾದ ಮಾರ್ಪಾಡು ಆಗಬೇಕಾದರೆ ಆರು ನಿಬಂಧನೆಗಳು ಬೇಕು, ಅಷ್ಟೇ ಸಾಕು ಎಂದು ಸಾರಿದರು. ಇಬ್ಬರ ನಡುವೆ ಸಂಪರ್ಕವಿರುವುದು, ಒಬ್ಬನು ಹೊಂದಿಕೆ ತಪ್ಪಿ ನೊಂದಿರುವುದು, ಇನ್ನೊಬ್ಬನ ಮನೋಭಾವವು ಅವನಿಗೆ ಸ್ವಲ್ಪವಾದರೂ ಮುಟ್ಟುವುದು, ಇವು ಮೂರನ್ನು ಬಿಟ್ಟರೆ, ಸಹಾಯಕನಲ್ಲಿ ಇರಬೇಕಾದವು ಉಳಿದ ಮೂರು: ತನ್ನ ವಿಷಯದಲ್ಲಿ ಪ್ರಾಮಾಣಿಕತೆ, ಎದುರಿನವನ ಬಗ್ಗೆ ಕರಾರಿಲ್ಲದ ಆದರ, ಮತ್ತು ಅನುಭೂತಿ. ಕರಾರಿಲ್ಲದ ಆದರವೆಂದರೆ ಮಾಡಿದ್ದಕ್ಕೆಲ್ಲ ಒಪ್ಪಿಗೆಯಲ್ಲ. ಕೃತ್ಯವನ್ನು ಒಪ್ಪದೆಯೂ ವ್ಯಕ್ತಿಯನ್ನು ತಳ್ಳದಿರಬಹುದು. ಇದನ್ನು ಹೇಳುವುದು ಸುಲಭ, ನಡೆಸುವುದು ಕಷ್ಟ.

ಅನುಭೂತಿಯ ಮಾತು ಬಂದಾಗ ಕಾವ್ಯಮೀಮಾಂಸೆಯನ್ನು ಬಲ್ಲವರು ಸಹೃದಯನನ್ನು ನೆನೆಯದಿರರು. ವರ್ಣನೀಯದಲ್ಲಿ ತನ್ಮಯನಾಗಲು ಯೋಗ್ಯನಾದವನು ಸಹೃದಯನೆಂದು ಅಭಿನವಗುಪ್ತನು ಲಕ್ಷಣ ಹೇಳಿರುವನು. ಎರಡೂ ಒಂದೇ ಎಂದು ಅವಸರದಿಂದ ಬರೆದುಬಿಡುವ ಆಸೆಯನ್ನು ತಡೆಯಬೇಕು. ಭಟ್ಟನಾಯಕನು ಹೇಳಿದ ಸಾಧಾರಣೀಕರಣದಲ್ಲಿ ಸೀತೆಯ ಶೋಕವು ಸೀತೆಯದೆಂಬ ಗುರುತನ್ನು ಕಳೆದುಕೊಂಡು ಎಲ್ಲರದಾಗುವುದು. ಆಗಲೇ ಅದು ರಸ. 

ರೋಜರ್ಸರ ಅನುಭೂತಿಯಲ್ಲಿ ಗುರುತು ಕಳೆದರೆ ಕೆಲಸವೇ ಕೆಟ್ಟಿತು. ಈ ಒಬ್ಬಳು, ಈ ದಿನ, ಈ ಮಾತಿನಲ್ಲಿ ಏನನ್ನು ಅನುಭವಿಸುತ್ತಿರುವಳೋ ಅದನ್ನೇ ಹಿಡಿಯಬೇಕು. ಅದು ತನ್ನದೇ ‘ಎಂಬಂತೆ’ ಅನುಭವಿಸಬೇಕು. ಆದರೆ ಆ ‘ಎಂಬಂತೆ’ಯನ್ನು ಒಂದು ಕ್ಷಣವೂ ಬಿಡಬಾರದು. ಬಿಟ್ಟರೆ ಸಹಾಯಕನೂ ಅದೇ ಮಡುವಿನಲ್ಲಿ ಮುಳುಗುವನು. ರಸಿಕನು ವಿಶೇಷದಿಂದ ಸಾಮಾನ್ಯಕ್ಕೆ ಏರುವನು, ಸಲಹೆಗಾರನು ವಿಶೇಷದಲ್ಲಿಯೇ ನಿಲ್ಲುವನು. ಸಂಕಮ್ಮನ ಸಾಲನ್ನು ಇರುಳಿನಲ್ಲಿ ಕೇಳಿ ಅಳುವ ಹೆಂಗಸು ಇವೆರಡರಲ್ಲಿ ಯಾವುದನ್ನು ಮಾಡುವಳು? ತನ್ನ ಬಾಳಿನ ಸಂಕಟವನ್ನು ನೆನೆದು ಅಳುವವಳೂ ಇರಬಹುದು, ಬರಿಯ ಸಂಕಮ್ಮನಿಗಾಗಿ ಅಳುವವಳೂ ಇರಬಹುದು. ಕೇಳಿ ತಿಳಿಯಬೇಕೇ ಹೊರತು ಸಿದ್ಧಾಂತದಿಂದ ನಿರ್ಣಯಿಸಲಾಗದು.

ಮಾದೇಶ್ವರನನ್ನೇ ಇಂತಹ ಸಹಾಯಕನ ಸ್ಥಾನದಲ್ಲಿ ಕೂರಿಸುವ ಉತ್ಸಾಹಿಗಳೂ ಇರಬಹುದು. ನೊಂದವಳ ಮೊರೆಗೆ ಓಗೊಟ್ಟು ಬಂದವನೆಂಬಷ್ಟರಲ್ಲಿ ಹೋಲಿಕೆಯುಂಟು. ಅದರ ಮುಂದೆ ಇಲ್ಲ. ಅವನು ಕೇಳಿ ಕೂರುವವನಲ್ಲ, ಕಟ್ಟನ್ನು ಬಿಚ್ಚುವವನು, ವರವನ್ನು ಕೊಡುವವನು. ಅವನು ಕೊಟ್ಟ ಮಕ್ಕಳು ಅವನ ಸೇವೆಗೇ ಸಲ್ಲುವರೆಂಬುದನ್ನು ನೆನೆದರೆ ಆ ಕೃಪೆಯೂ ಕೊಡುಕೊಳ್ಳುವಿಕೆಗೆ ಹೊರತಾದುದಲ್ಲ. ಇದೇ ಕಾವ್ಯದ ಬೇವಿನಹಟ್ಟಿ ಕಾಳಮ್ಮನ ಸಾಲಿನಲ್ಲಿ, ಜಂಗಮನಾಗಿ ಬಂದ ತನ್ನನ್ನು ಕಡೆಗಣಿಸಿದ ಸಿರಿವಂತೆಗೆ ಅವನು ಎಂತಹ ಶಿಕ್ಷೆಯನ್ನು ಮಾಡುವನೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಒಕ್ಕಲಾದವರನ್ನು ಕಾಯುವ, ಒಲ್ಲೆನೆಂದವರನ್ನು ಬಗ್ಗಿಸುವ ದೇವರಿಗೆ ಕರಾರಿಲ್ಲದ ಆದರವನ್ನು ಆರೋಪಿಸುವುದು ಕಾವ್ಯಕ್ಕೂ ಶಾಸ್ತ್ರಕ್ಕೂ ಅನ್ಯಾಯ.

ಇದಕ್ಕಿಂತ ಬಿಗಿಯಾದ ತೊಡಕು ದಿವ್ಯಗಳದು. ಗಂಡನಿಗೆ ಒಂದು ಮಾತನ್ನು ಕೊಡಲೊಲ್ಲದವಳು, ಕುಲದವರ ಮುಂದೆ ಪ್ರಾಣಾಂತಿಕವಾದ ಪರೀಕ್ಷೆಗಳಿಗೆ ಹೇಗೆ ಒಪ್ಪಿದಳು? ಒಳಗಿನ ತಕ್ಕಡಿಯನ್ನು ನಂಬಿದವಳಿಗೆ ಹೊರಗಿನ ಪರೀಕ್ಷೆ ಏಕೆ? ಶುದ್ಧ ರೋಜರ್ಸೀಯರಾದವರು, ಅವಳು ಇಲ್ಲಿ ಸೋತಳೆಂದು ಹೇಳಬೇಕಾದೀತು. ಕಥೆಯಾದರೋ ಹಾಗೆ ಹೇಳುವುದಿಲ್ಲ. ಹಾಡುವವರೂ ಕೇಳುವವರೂ ಅದನ್ನು ಅವಳ ಗೆಲವೆಂದೇ ಎಣಿಸುವರು. ನಮಗೆ ತೋರುವುದಿಷ್ಟು. ಭಾಷೆಯನ್ನು ಕೇಳಿದ್ದು ಮುಚ್ಚಿದ ಮನೆಯಲ್ಲಿ, ಬಲವಿದ್ದವನು ಬಲವಿಲ್ಲದವಳನ್ನು, ಸಾಕ್ಷಿಯಿಲ್ಲದೆ. ದಿವ್ಯವು ನಡೆದದ್ದು ಬಯಲಿನಲ್ಲಿ, ಹತ್ತು ಜನರೆದುರಿಗೆ. ಭಾಷೆಯಲ್ಲಿ ಅವಳು ಶಂಕಿತೆಯಾಗಿ ನುಡಿಯಬೇಕಾಗಿತ್ತು. ದಿವ್ಯದಲ್ಲಿ ಅವಳು ಸುಮ್ಮನಿದ್ದರೂ ಸತ್ಯವು ತಾನಾಗಿ ನುಡಿಯುವುದೆಂಬ ನಂಬಿಕೆ. ಅಲ್ಲದೆ ಆ ಹೊತ್ತಿಗೆ ಪಣವು ಅವಳೊಬ್ಬಳದಾಗಿರಲಿಲ್ಲ. ಮಕ್ಕಳ ಹುಟ್ಟಿನ ಮಾನವು ಅದರಲ್ಲಿ ಸೇರಿತ್ತು. ಅವಳ ‘ನಾನು’ ಎಂಬುದರಲ್ಲಿ ಕುಲವೂ ಮಕ್ಕಳೂ ದೈವವೂ ಕೂಡಿಕೊಂಡಿರುವುವು. ಒಬ್ಬೊಬ್ಬನನ್ನೂ ಬೇರೆಬೇರೆಯಾಗಿ ನಿಲ್ಲಿಸಿ ನೋಡುವುದಕ್ಕೆ ಹೊಂದಿಸಿದ ಶಾಸ್ತ್ರವು ಇಲ್ಲಿ ತಡವರಿಸುವುದು ಸಹಜ. ರೋಜರ್ಸರ ಮೇಲೆ ಅವರ ದೇಶದಲ್ಲಿಯೇ ಈ ದೂರು ಬಂದಿದೆ.

ಪದದ ಮೂಲದಲ್ಲಿಯೂ ಈ ಭೇದವು ಸ್ವಲ್ಪ ಕಾಣುವುದು. ಇಂಗ್ಲಿಷಿನ ‘ಪರ್ಸನ್’ ಎಂಬುದು ನಟನ ಮುಖವಾಡವೆಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ನಮ್ಮ ‘ವ್ಯಕ್ತಿ’ಯು ಪ್ರಕಟವಾಗುವುದೆಂಬರ್ಥದ ಧಾತುವಿನಿಂದ ಬಂದದ್ದು, ಆನಂದವರ್ಧನನ ‘ವ್ಯಂಜನೆ’ಯೂ ಅದೇ ಧಾತುವಿನದು. ಮುಖವಾಡವನ್ನು ಕಳಚಿದರೆ ಒಳಗಿನವನು ಸಿಕ್ಕುವನು ಎಂಬುದು ಒಂದು ಕಲ್ಪನೆ. ತಕ್ಕ ಸಂದರ್ಭ ಒದಗಿದಾಗ ಅವ್ಯಕ್ತವಾದುದು ವ್ಯಕ್ತವಾಗುವುದು ಎಂಬುದು ಇನ್ನೊಂದು. ವಿಚಿತ್ರವೆಂದರೆ ರೋಜರ್ಸರು ಹೇಳಹೊರಟದ್ದು ತಮ್ಮ ಭಾಷೆಯ ಪದಕ್ಕಿಂತ ನಮ್ಮ ಪದಕ್ಕೆ ಹೆಚ್ಚು ಹೊಂದುವುದು. ಪೂರ್ಣವಾಗಿ ಬಾಳುವ ಮನುಷ್ಯನೆಂಬ ಅವರ ಆದರ್ಶವು ಒಂದು ನಿಲುಗಡೆಯಲ್ಲ, ಸಾಗುತ್ತಿರುವ ನಡಿಗೆ.

ಪಾಠದ ಕೋಣೆಯ ಮಾತು ಉಳಿದಿದೆ. ೧೯೬೯ರಲ್ಲಿ ರೋಜರ್ಸರು ಕಲಿಯುವ ಸ್ವಾತಂತ್ರ್ಯವನ್ನು ಕುರಿತು ಒಂದು ಗ್ರಂಥವನ್ನು ಬರೆದು, ಚಿಕಿತ್ಸೆಯ ಆ ಮೂರು ಗುಣಗಳೇ ಅಧ್ಯಾಪಕನಿಗೂ ಬೇಕೆಂದು ವಾದಿಸಿದರು. ಅದಕ್ಕೆ ಉತ್ತರವನ್ನು ಮಾರ್ಟಿನ್ ಬೂಬರರು ಮೊದಲೇ ಕೊಟ್ಟಿದ್ದರೆನ್ನಬಹುದು. ೧೯೫೭ರ ಏಪ್ರಿಲ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಇಬ್ಬರೂ ಮುಖಾಮುಖಿಯಾಗಿ ಸಂವಾದ ನಡೆಸಿದಾಗ, ಸಹಾಯಕನೂ ಸಹಾಯ ಬೇಡಿ ಬಂದವನೂ ಸಮಾನರಾಗಿ ಸಂಧಿಸುವರೆಂಬ ರೋಜರ್ಸರ ಮಾತನ್ನು ಬೂಬರರು ಒಪ್ಪಲಿಲ್ಲ. ಒಬ್ಬನು ಬಂದಿರುವುದು ಬೇಡಿ, ಇನ್ನೊಬ್ಬನು ಕುಳಿತಿರುವುದು ಕೊಡಲು; ಸ್ಥಿತಿಯೇ ಅಸಮವಾದುದು. ಪರೀಕ್ಷೆಯ ಅಂಕಗಳು ಕೈಯಲ್ಲಿರುವ ಅಧ್ಯಾಪಕನಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುವುದು. ಕರಾರಿಲ್ಲದೆ ಆದರಿಸುವೆನೆಂದು ಹೇಳಿ ಅಂಕ ಕಳೆಯುವವನು ಆ ಮೂರರಲ್ಲಿ ಮೊದಲನೆಯದಾದ ಪ್ರಾಮಾಣಿಕತೆಯನ್ನೇ ಕಳೆದುಕೊಂಡಂತೆ. ಅಂಕವು ಉತ್ತರಕ್ಕೆ, ನಿನಗಲ್ಲ ಎಂದು ಸ್ಪಷ್ಟವಾಗಿ ಹೇಳಿ, ಹಾಗೆಯೇ ನಡೆದುಕೊಳ್ಳುವುದು ಸಾಧ್ಯವಾದೀತು.

ಇನ್ನೊಂದು ಎಚ್ಚರಿಕೆ. ಈ ಸಾಲನ್ನು ಪಾಠ ಹೇಳುವಾಗ, ಮನೆಯಲ್ಲಿ ಇಂತಹ ಹಿಂಸೆಯನ್ನು ಕಣ್ಣಾರೆ ಕಂಡ ವಿದ್ಯಾರ್ಥಿನಿಯು ಆ ಸಾಲುಬೆಂಚಿನಲ್ಲಿ ಕುಳಿತಿರಬಹುದು. ಅವಳನ್ನು ಎಬ್ಬಿಸಿ ನಿನ್ನ ಅನುಭವವೇನು ಎಂದು ಕೇಳುವುದು ಅನುಭೂತಿಯಲ್ಲ. ಅದು ನೀಲೇಗೌಡನು ಭಾಷೆ ಕೇಳಿದ ರೀತಿಯೇ. ಅವಳಾಗಿ ಬಂದು ಹೇಳಿಕೊಂಡರೆ ಪೂರ್ತಿಯಾಗಿ ಕೇಳಬೇಕು, ಚಿಕಿತ್ಸೆಯನ್ನು ಅದರಲ್ಲಿ ಪಳಗಿದವರಿಗೆ ಬಿಡಬೇಕು. ತರಗತಿಯಲ್ಲಿ ಮಾಡಬಹುದಾದುದು ಬೇರೆಯಿದೆ. ಕಥೆಯನ್ನು ಮೊದಲು ವಿದ್ಯಾರ್ಥಿಗಳು ತಮ್ಮ ಮನೆಯ ಮಾತಿನಲ್ಲಿ, ತಾವು ಕೇಳಿದಂತೆ ಹೇಳಲಿ. ಅಚ್ಚಿನ ಪಾಠಕ್ಕೂ ಅವರು ಹೇಳಿದುದಕ್ಕೂ ಇರುವ ಅಂತರವನ್ನು ತಪ್ಪೆಂದು ತಿದ್ದದೆ ಪಾಠಾಂತರವೆಂದು ಗುರುತಿಸಲಿ. ಯಾವ ಅಜ್ಜಿ, ಯಾವ ಊರು, ಯಾವ ಹಬ್ಬದ ಇರುಳು ಎಂಬುದನ್ನೂ ಬರೆದಿಡಲಿ. ನೀಲೇಗೌಡನು ಮಲೆಯಿಂದ ಹಿಂದಿರುಗಿ ಗುಡಿಸಲ ಬಾಗಿಲಲ್ಲಿ ನಿಂತ ಗಳಿಗೆಯನ್ನು ಬೇರೆಬೇರೆ ಊರಿನವರು ಹೇಗೆ ಹಾಡುವರು, ಅವನ ಬಾಯಲ್ಲಿ ಮೊದಲು ಯಾವ ಮಾತನ್ನು ಇಡುವರು ಎಂಬುದನ್ನು ಇಂತಹ ಪಾಠಾಂತರಗಳನ್ನು ಎದುರುಬದುರು ಇಟ್ಟು ನೋಡಿದ ಮೇಲೆಯೇ, ಅವನ ಅಂಜಿಕೆಯನ್ನು ಕುರಿತು ಮೇಲೆ ಮಾಡಿದ ಊಹೆಯು ನಿಲ್ಲುವುದೋ ಬೀಳುವುದೋ ತಿಳಿಯುವುದು.